ಕೂದಲು ಹಿಡಿದ ಕೈ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ದೋಣಿ ನೀಲಿಯೋ ಬಿಳಿಯೋ, ಅಂದು ಮಂಗಳವಾರವೋ ಬುಧವಾರವೋ, ನಾನು ನೀರಿನಲ್ಲಿದ್ದದ್ದು ಎರಡು ನಿಮಿಷವೋ ಹತ್ತೋ... ಆಣೆ ಮಾಡಿ ಹೇಳಲಾರೆ. ಲವಂಗದ ವಾಸನೆಯ ಬಗ್ಗೆ ಮಾತ್ರ ಅನುಮಾನವಿಲ್ಲ.

ಕಳೆದ ತಿಂಗಳು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೆ. ಅವರು ಹತ್ತಿಯನ್ನು ಲವಂಗದ ಎಣ್ಣೆಯಲ್ಲಿ ಅದ್ದಿ ನನ್ನ ದವಡೆಗೆ ಒತ್ತಿದರು. ಹಲ್ಲುನೋವು ಮರೆತೇಹೋಗಿ ನೆತ್ತಿ ಉರಿಯತೊಡಗಿತು. ಎಂಟು ವರ್ಷಗಳ ಹಿಂದೆ ಬಾಲಿ ದ್ವೀಪದಲ್ಲಿ ನಮ್ಮ ದೋಣಿಯವನು ಸೇದುತ್ತಿದ್ದ ಸಿಗರೇಟಿನಲ್ಲಿ ಲವಂಗವಿರುತ್ತಿತ್ತು. ದೋಣಿಯ ಹಲಗೆಯ ಮೇಲೆ ಉಪ್ಪುನೀರು ಕಾರುತ್ತ ಬಿದ್ದಿದ್ದಾಗ ನಾನು ಎಳೆದುಕೊಂಡ ಮೊದಲ ಉಸಿರಿನಲ್ಲಿ ಆ ವಾಸನೆಯಿತ್ತು. ನೆತ್ತಿಯಲ್ಲಿ ಈ ಉರಿಯಿತ್ತು. ಯಾರೋ ನನ್ನ ಕೂದಲು ಹಿಡಿದು ನನ್ನನ್ನು ಸಮುದ್ರದಿಂದ ಎಳೆದು ತಂದಿದ್ದರು.

ಆ ಯಾರೋ ಯಾರು ಎಂದು ಹೇಳುವುದಕ್ಕೇ ಈ ಬರಹ. ಇದು ಕೃತಜ್ಞತೆಯ ಬರಹ ಎಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ಸೇಡಿಗಾಗಿ ಬರೆಯುತ್ತಿದ್ದೇನೆ. ಯಾರ ಮೇಲಿನ ಸೇಡು ಎಂಬುದು ಶುರುಮಾಡಿದಾಗ ನನಗೆ ಸ್ಪಷ್ಟವಿತ್ತು, ಈಗ ಅಷ್ಟಿಲ್ಲ.

ನಾವು ಅವಳನ್ನು ರೊಟ್ಟಿ ಅಕ್ಕ ಎನ್ನುತ್ತಿದ್ದೆವು. ಹರಿಹರದವಳು. ವಾರಕ್ಕೆರಡು ಸಲ ಬೆಳಗಿನ ಬಸ್ಸಿಗೆ ದಾವಣಗೆರೆಗೆ ಬಂದು ನಮ್ಮ ದೊಡ್ಡಪ್ಪನ ಮನೆಗೆ ಜೋಳದ ರೊಟ್ಟಿ ತಟ್ಟಿಕೊಟ್ಟು ಹೋಗುತ್ತಿದ್ದಳು. ದೊಡ್ಡಪ್ಪನ ಮನೆಯ ಪಕ್ಕದ್ದೇ ನಮ್ಮ ಮನೆ. ಅದೂ ದೊಡ್ಡಪ್ಪನ ಹೆಸರಿನಲ್ಲಿತ್ತು. ಅಪ್ಪ ದೊಡ್ಡಪ್ಪನ ಗೊಬ್ಬರದ ಅಂಗಡಿಯಲ್ಲಿ ಕೂಡುತ್ತಿದ್ದರು. ಹೀಗಾಗಿ ದೊಡ್ಡಮ್ಮನ ಮಾತೇ ನಮ್ಮ ಮನೆಗೂ ಕೊನೆಯ ಮಾತು. ಇದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ದೊಡ್ಡಪ್ಪನಿಗೆ ಅರವತ್ತು ತುಂಬಿದಾಗ ಮನೆಮಂದಿಯನ್ನೆಲ್ಲ ಬಾಲಿಗೆ ಕರೆದುಕೊಂಡು ಹೋಗುವುದೆಂದಾಯಿತು. ಇಪ್ಪತ್ತು ಜನ. ನಾನಾಗ ಎಂ.ಎ. ಕೊನೆಯ ವರ್ಷದಲ್ಲಿದ್ದೆ. ದೊಡ್ಡಮ್ಮ ಒಂದೇ ಷರತ್ತು ಹಾಕಿದರು: ಅಲ್ಲಿಯ ಒಂದು ತುತ್ತೂ ಬಾಯಿಗಿಡುವುದಿಲ್ಲ. ಆದ್ದರಿಂದ ಎರಡು ಸೂಟ್‌ಕೇಸ್ ತುಂಬ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ಮಂಡಕ್ಕಿ ಹೊರಟವು. ಅವುಗಳ ಜೊತೆ ರೊಟ್ಟಿ ಅಕ್ಕನೂ ಹೊರಟಳು. ಪಾಸ್‌ಪೋರ್ಟ್ ಕಚೇರಿಯಲ್ಲಿ ವಿದೇಶಕ್ಕೆ ಯಾಕೆ ಹೋಗುತ್ತೀರಿ ಎಂದು ಕೇಳಿದ್ದಕ್ಕೆ "ರೊಟ್ಟಿ ಬಡಿಯಾಕೆ ರೀ" ಎಂದಳಂತೆ. ಈ ಮಾತನ್ನು ನಾವು ವಿಮಾನದಲ್ಲೆಲ್ಲ ಹೇಳಿಕೊಂಡು ನಕ್ಕೆವು. ಅವಳೂ ನಕ್ಕಳು ಎಂದು ನೆನಪು... ಅಥವಾ ಅವಳು ನಕ್ಕಿರಲಿ ಎಂದು ನಾನು ಈಗ ಬಯಸುತ್ತಿರಬಹುದು.

ಅಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಅಡುಗೆಮನೆ ಹಿತ್ತಲಿಗೆ ತೆರೆದುಕೊಂಡಿತ್ತು. ಬೆಳಗಾದರೆ ರೊಟ್ಟಿ ತಟ್ಟುವ ಸದ್ದು, ಅದಕ್ಕೆ ಜೊತೆಯಾಗಿ ಬಳೆಗಳ ಸದ್ದು. ಎರಡೂ ಕೈತುಂಬ ಹಸಿರು ಗಾಜಿನ ಬಳೆ ಹಾಕುತ್ತಿದ್ದಳು. ತಟ್ಟುವಾಗ ಮೊಣಕೈವರೆಗೆ ಸರಿಸಿಕೊಂಡರೂ ಜಾರಿ ಜಾರಿ ಬರುತ್ತಿದ್ದವು. ಆ ಊರಿನ ಹೆಂಗಸರು ದಿನಾ ಬೆಳಿಗ್ಗೆ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ನಾಲ್ಕು ಅಗುಳು ಅನ್ನ ಇಟ್ಟು ಬಾಗಿಲ ಮುಂದಿನ ನೆಲಕ್ಕೆ ಅರ್ಪಿಸುತ್ತಿದ್ದರು. ರೊಟ್ಟಿ ಅಕ್ಕ ಎರಡು ದಿನ ಅದನ್ನು ನೋಡಿದಳು. ಮೂರನೆಯ ದಿನ ಮೊದಲ ರೊಟ್ಟಿಯ ತುಣುಕೊಂದನ್ನು ಆ ಹೂವಿನ ಪಕ್ಕ ಇಟ್ಟು ಬಂದಳು. "ನಮ್ಮನ್ನ ಇಟ್ಕಂಡೈತಲ್ಲ ಈ ನೆಲ, ಅದಕ್ಕೂ ಒಂದು ತುತ್ತು" ಎಂದಳು. ಅಷ್ಟು ಜನರಲ್ಲಿ ಆ ನೆಲಕ್ಕೆ ಏನಾದರೂ ಕೊಟ್ಟವಳು ಅವಳೊಬ್ಬಳೇ.

ನಾನು ಅವಳ ಪಕ್ಕ ಕೂತು ಬಿಸಿ ರೊಟ್ಟಿ ತಿನ್ನುತ್ತಿದ್ದೆ. ಹೊಳೆಯ ಮಾತು ಬಂತು. ತುಂಗಭದ್ರೆಯ ದಡದಲ್ಲೇ ಹುಟ್ಟಿ ಬೆಳೆದವಳು, ಸಣ್ಣವಳಿದ್ದಾಗ ಬಟ್ಟೆ ಒಗೆಯುವ ಕಲ್ಲಿನಿಂದ ಹಾರಿ ಆಚೆ ದಡಕ್ಕೆ ಈಜುತ್ತಿದ್ದಳಂತೆ. ಒಮ್ಮೆ ಮುಳುಗುತ್ತಿದ್ದ ಗೆಳತಿಯನ್ನು ಎಳೆದು ತಂದದ್ದನ್ನು ಹೇಳಿದಳು. "ಮುಳುಗೋರ ಕೈ ಹಿಡೀಬಾರದು ತಂಗಿ. ಅವರು ನಮ್ಮನ್ನೂ ಎಳಕಂತಾರೆ. ಕೂದ್ಲಿಗೇ ಕೈ ಹಾಕಬೇಕು."

ಇದನ್ನು ಅವಳು ಹೇಳಿದ್ದು ಸಮುದ್ರಕ್ಕೆ ಹೋಗುವ ಹಿಂದಿನ ದಿನವೇ? ಅಥವಾ ಆಮೇಲೆಯೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹಿಂದಿನ ದಿನವೇ ಎನ್ನುತ್ತದೆ ನನ್ನ ನೆನಪು. ನೆನಪಿಗೆ ತನಗೆ ಬೇಕಾದ ಕಡೆ ಬೇಕಾದ್ದನ್ನು ಜೋಡಿಸುವ ಚಾಳಿಯಿದೆ ಎಂಬುದೂ ಗೊತ್ತು.

ಸಮುದ್ರಕ್ಕೆ ಅವಳು ಬರುವುದು ಬೇಡ ಎಂದಿದ್ದರು ದೊಡ್ಡಮ್ಮ. ಮಧ್ಯಾಹ್ನದ ಬುತ್ತಿ ಬಡಿಸಲು ಯಾರಾದರೂ ಬೇಕಲ್ಲ ಎಂದು ನಾನು ಹೇಳಿದ್ದರಿಂದ ಅವಳಿಗೆ ದೋಣಿಯಲ್ಲಿ ಜಾಗ ಸಿಕ್ಕಿತು. ಬಂದವರು ಹತ್ತೋ ಹನ್ನೊಂದೋ ಜನ. ದೋಣಿ ನಿಲ್ಲಿಸಿದ ಕಡೆ ನೀರು ತಿಳಿ ಹಸಿರಾಗಿತ್ತು. ಮುಖಕ್ಕೆ ಗಾಜಿನ ಕವಚ, ಬಾಯಿಗೆ ಕೊಳವೆ ಕಟ್ಟಿಕೊಂಡು ಮೀನು ನೋಡಲು ಇಳಿದೆವು. ತೇಲಿಸುವ ಜಾಕೆಟ್ ನನ್ನನ್ನು ಕೆಳಗೆ ಬಿಡುತ್ತಿರಲಿಲ್ಲ. ಇನ್ನೂ ಹತ್ತಿರದಿಂದ ನೋಡುವ ಆಸೆಗೆ ಅದರ ಕೊಂಡಿ ಬಿಚ್ಚಿದೆ. ಅದು ನನ್ನದೇ ತಪ್ಪು. ಸೆಳೆತ ಬಂದದ್ದು ತಿಳಿಯಲಿಲ್ಲ. ತಲೆ ಎತ್ತಿದಾಗ ದೋಣಿ ದೂರವಿತ್ತು, ಜಾಕೆಟ್ ಇನ್ನೂ ದೂರ ತೇಲುತ್ತಿತ್ತು. ದೋಣಿಯವನು ಆ ಮಗ್ಗುಲಲ್ಲಿ ದೊಡ್ಡಪ್ಪನಿಗೆ ರಬ್ಬರ್ ಟ್ಯೂಬ್ ಹಿಡಿಸುತ್ತಿದ್ದ.

ಆಮೇಲಿನದು ಚೂರು ಚೂರು. ಮೂಗಿನಲ್ಲಿ ನೀರು. ಕೆಳಗೆಲ್ಲ ಹಸಿರು. ನೆತ್ತಿ ಕಿತ್ತುಬರುವಂಥ ನೋವು. ಕಿವಿಯ ಹತ್ತಿರ ಗಾಜಿಗೆ ಗಾಜು ತಾಗಿದ ಸದ್ದು... ಅಂಥ ಹೊತ್ತಿನಲ್ಲಿ ಅಷ್ಟು ಸಣ್ಣ ಸದ್ದು ಕೇಳಿಸೀತೇ? ಗೊತ್ತಿಲ್ಲ. ಕಣ್ಣು ಬಿಟ್ಟಾಗ ಕಂಡದ್ದು ದೊಡ್ಡಮ್ಮನ ಮಗ, ನನ್ನ ಅಣ್ಣ. ದೋಣಿಯ ಏಣಿಯ ಕೊನೆಯ ಮೆಟ್ಟಿಲಿನಲ್ಲಿ ನಿಂತು ನನ್ನನ್ನು ಮೇಲೆತ್ತಿಕೊಂಡವನು ಅವನೇ. ಅದು ಸುಳ್ಳಲ್ಲ. ಅತ್ತಿಗೆ ಆಗಲೇ ತೆಗೆದ ಫೋಟೊದಲ್ಲಿಯೂ ನಾನು ಅವನ ತೋಳಿನಲ್ಲಿದ್ದೇನೆ. ಅವನ ತಲೆಗೂದಲೂ ಬನಿಯನ್ನಿನ ಹೆಗಲೂ ಒಣಗಿಯೇ ಇರುವುದು ಅದೇ ಫೋಟೊದಲ್ಲಿ ಕಾಣುತ್ತದೆ. ಅದನ್ನು ನಾನು ಗಮನಿಸಿದ್ದು ಮಾತ್ರ ವರ್ಷಗಳ ನಂತರ.

ರೊಟ್ಟಿ ಅಕ್ಕ ದೋಣಿಯ ಹಿಂದಿನ ತುದಿಯಲ್ಲಿ ಸೀರೆಯ ಸೆರಗು ಹಿಂಡುತ್ತಿದ್ದಳು. ದೊಡ್ಡಮ್ಮ ಅಲೆಗೆ ತಲೆಸುತ್ತಿ ಅಲ್ಲಿಯವರೆಗೂ ಪ್ಲಾಸ್ಟಿಕ್ ಚೀಲದಲ್ಲಿ ಮುಖ ಇಟ್ಟುಕೊಂಡಿದ್ದವರು, ತಲೆ ಎತ್ತಿ ಅವಳನ್ನು ನೋಡಿದರು.

"ಹುಡುಗಿ ಜೀವ ಹೋಗೋ ಹೊತ್ನಾಗೆ ನಿಂಗೆ ಸ್ನಾನ ಬೇಕಾಗಿತ್ತೇನೆ? ಒದ್ದೆ ಮೈಯಾಗೆ ಬುತ್ತಿ ಮುಟ್ಟಬ್ಯಾಡ ಮತ್ತೆ."

"ಹೌದ್ರಿ ದೊಡ್ಡಮ್ಮಾರೆ, ಸೆಕೆ ಬಾಳ ಆಗಿತ್ತು, ಇಳಿದೆ" ಎಂದಳು ರೊಟ್ಟಿ ಅಕ್ಕ. ಅವಳು ಹಾಗೆ ಕುಟುಕಿದ್ದು ಯಾರಿಗೂ ತಾಗಲಿಲ್ಲ. ಅಣ್ಣ ಏನೂ ಹೇಳಲಿಲ್ಲ. ನನ್ನ ತಲೆ ತೊಡೆಯ ಮೇಲಿಟ್ಟುಕೊಂಡಿದ್ದ ಅಮ್ಮ ಅಳುತ್ತಿದ್ದಳು. ಅಮ್ಮನೂ ಏನೂ ಹೇಳಲಿಲ್ಲ.

ಅಂದೇ ನಾನು ದಿನಚರಿ ಬರೆದೆ. ಆ ಪುಟ ಈಗಲೂ ಇದೆ. "ಸಮುದ್ರದಲ್ಲಿ ಹೋಗಿಬಿಟ್ಟಿದ್ದೆ. ಅಣ್ಣ ಉಳಿಸಿದ." ನನ್ನದೇ ಅಕ್ಷರ. ಸಂಜೆಯಿಡೀ ಎಲ್ಲರೂ ಹೇಳುತ್ತಿದ್ದುದನ್ನು ಬರೆದೆನೋ, ನನಗೆ ಆಗ ಹಾಗೇ ಅನ್ನಿಸಿತ್ತೋ... ಹದಿನೈದು ದಿನ ಬಾಚಣಿಗೆ ತಾಗಿದರೆ ಜೀವ ಹೋಗುತ್ತಿತ್ತು ಎಂಬುದನ್ನು ಮಾತ್ರ ಬರೆದಿಲ್ಲ.

ಊರಿಗೆ ಬಂದ ಮೇಲೆ ಆ ಫೋಟೊ ಎಲ್ಲರ ಫೋನಿಗೂ ಹೋಯಿತು. ತಿಂಗಳೊಳಗೆ ನಮ್ಮ ಸಮಾಜದವರು ಕಲ್ಯಾಣ ಮಂಟಪವೊಂದರಲ್ಲಿ ಅಣ್ಣನಿಗೆ ಸನ್ಮಾನ ಇಟ್ಟುಕೊಂಡರು. ಪೇಟ, ಹಾರ, ಹಣ್ಣಿನ ಬುಟ್ಟಿ, 'ಸಾಹಸಿ' ಎಂದು ಕೆತ್ತಿದ ಫಲಕ. ಶಾಲು ನಾನೇ ಹೊದಿಸಬೇಕೆಂದು ದೊಡ್ಡಮ್ಮ ಹೇಳಿದರು. ನಾನು ಹೊದಿಸಿದೆ. ಮೈಕಿನ ಮುಂದೆ ನಿಂತು, ನನಗೆ ಎರಡನೆಯ ಜನ್ಮ ಕೊಟ್ಟ ಅಣ್ಣನಿಗೆ ಜೀವನವಿಡೀ ಋಣಿ ಎಂದೆ. ಎಂ.ಎ. ಓದಿದವಳು, ಚೆನ್ನಾಗಿಯೇ ಮಾತಾಡಿದೆ. ಧ್ವನಿವರ್ಧಕದ ಒಂದು ಪೆಟ್ಟಿಗೆ ಅಡುಗೆಮನೆಯ ಬಾಗಿಲಲ್ಲಿತ್ತು. ಅದರ ಹಿಂದೆ ಅಂದಿನ ಊಟಕ್ಕೆ ರೊಟ್ಟಿ ತಟ್ಟುತ್ತಿದ್ದವಳು ರೊಟ್ಟಿ ಅಕ್ಕ.

ಪಂಕ್ತಿಯಲ್ಲಿ ಕೂತಾಗ ನನ್ನ ಎಲೆಗೆ ಅವಳೇ ಬಂದು ಬಡಿಸಿದಳು. ಒಂದು ರೊಟ್ಟಿ ಹಾಕಿದಳು, ಬಾಗಿಕೊಂಡೇ ಮೆಲ್ಲಗೆ ಕೇಳಿದಳು: "ಇನ್ನೊಂದು ಹಾಕ್ಲೇನು ತಂಗಿ? ಮೈಕ್ನಾಗೆ ಬಾಳ ಮಾತಾಡಿದಿ, ಹಸಿವಾಗಿರ್ತೈತೆ."

ನಾನು ತಲೆ ಎತ್ತಲಿಲ್ಲ. ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದೆ.

ದೊಡ್ಡಮ್ಮನ ಮಾತಿಗೆ ಅವಳು ರೊಟ್ಟಿ ತಟ್ಟಲು ಬಂದದ್ದು ಅದೇ ಕೊನೆ. ನಿಶ್ಚಿತಾರ್ಥವೊಂದಕ್ಕೆ ಕರೆಯಲು ದೊಡ್ಡಮ್ಮ ಫೋನ್ ಮಾಡಿದ್ದರು. ಸ್ಪೀಕರಿನಲ್ಲಿ ನಾನೂ ಕೇಳಿಸಿಕೊಂಡೆ. "ಸಮುದ್ರ ಈಜಿದೋರಿಗೆ ನಾಕು ರೊಟ್ಟಿ ತಟ್ಟೋದು ಏನು ದೊಡ್ಡದು ರೀ? ನಿಮ್ಮ ಮಗನ್ನೇ ಕೂಡಿಸ್ರಿ ಕೊಣಮಿಗೆ ಮುಂದೆ." ಕೊಣಮಿಗೆ ಎಂದರೆ ಹಿಟ್ಟು ನಾದುವ ಮರದ ಹರಿವಾಣ. ದೊಡ್ಡಮ್ಮನಿಗೆ ತಲೆಬುಡ ತಿಳಿಯಲಿಲ್ಲ, ಸೊಕ್ಕು ಬಂದಿದೆ ಎಂದರು. ನನಗೆ ತಿಳಿಯಿತು. ಅಣ್ಣ ಎದ್ದು ಹೊರಗೆ ಹೋದದ್ದನ್ನು ನೋಡಿ ಅವನಿಗೂ ತಿಳಿಯಿತು ಎಂದುಕೊಂಡೆ.

ಅಲ್ಲಿಂದ ನನ್ನ ಸಣ್ಣ ಸೇಡುಗಳು ಶುರುವಾದವು. ದೊಡ್ಡಮ್ಮನ ಶೋಕೇಸಿನಲ್ಲಿ ಆ ಫಲಕವಿದೆ. ಹಬ್ಬಕ್ಕೆ ಹೋದಾಗಲೆಲ್ಲ ಯಾರೂ ನೋಡದ ಹೊತ್ತಿನಲ್ಲಿ ಅದರ ಮುಖವನ್ನು ಗೋಡೆಗೆ ತಿರುಗಿಸಿ ಬರುತ್ತಿದ್ದೆ. ಮೂರು ನಾಲ್ಕು ವರ್ಷ ಹೀಗೆ ಮಾಡಿದೆ. ಆ ಸಂತೋಷ ಎಷ್ಟೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ಒಂದು ಯುಗಾದಿಗೆ ಹೋದಾಗ ದೊಡ್ಡಮ್ಮ ಮನೆಗೆಲಸದವಳನ್ನು ಬಯ್ಯುತ್ತಿದ್ದರು: "ಒರಸಿದ ಮೇಲೆ ಇದ್ದಂಗೆ ಇಡಾಕೆ ಏನು ರೋಗ ನಿಂಗೆ? ಎಷ್ಟು ಸಲ ಹೇಳಬೇಕು?" ಅವಳು ನಾನಲ್ಲ ಎಂದು ಅಳುತ್ತಿದ್ದಳು. ನಾನು ಹೋಳಿಗೆ ತಿನ್ನುತ್ತ ಕೂತಿದ್ದೆ. ನನ್ನ ಸೇಡು ಕೂಡ ಮತ್ತೊಬ್ಬ ಕೆಲಸದವಳ ತಲೆಯ ಮೇಲೆಯೇ ಬಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ. ಫಲಕ ತಿರುಗಿಸುವುದನ್ನು ಬಿಟ್ಟೆ, ಅಷ್ಟೇ.

ಹಲ್ಲಿನ ಡಾಕ್ಟರ ಹತ್ತಿರ ಹೋಗಿಬಂದ ಮೂರನೆಯ ದಿನ ಹರಿಹರದ ಬಸ್ಸು ಹತ್ತಿದೆ. ಅರ್ಧ ಗಂಟೆಯ ದಾರಿ, ಎಂಟು ವರ್ಷ ಹೋಗಿರಲಿಲ್ಲ. ಹೊಳೆಯ ಕಡೆಯ ಓಣಿಯಲ್ಲಿ ಕೇಳಿಕೊಂಡು ಮನೆ ಹುಡುಕಿದೆ. ಬಾಗಿಲಲ್ಲಿ ಅವಳ ಸೊಸೆ ಅಕ್ಕಿ ಆರಿಸುತ್ತಿದ್ದಳು.

"ಅತ್ತಿ ಹೋಗಿ ಆರು ತಿಂಗ್ಳಾತು ರೀ" ಎಂದಳು. "ಕೂಡ್ರಿ. ದಾವಣಗೆರೆಯಿಂದ ಬಂದೀರಿ."

ಕೂತೆ. ಏನು ಕೇಳಬೇಕೆಂದು ತಿಳಿಯದೆ, ಬಾಲಿಯ ಸುದ್ದಿ ಹೇಳುತ್ತಿದ್ದಳೇ ಎಂದೆ.

"ಮೀನಿಂದು ಹೇಳ್ತಿದ್ರು. ಅರಿಶಿನ ಕುಂಕುಮ ಬಳಕಂಡಂಗೆ ಇದ್ವಂತೆ. ನೆಲಕ್ಕೆ ಹೂವು ಇಡ್ತಾರಂತಲ್ಲ, ಅದನ್ನ ಹೇಳ್ತಿದ್ರು. ಇಲ್ಲೂ ಮೊದ್ಲನೇ ರೊಟ್ಟಿ ತುಣುಕು ಹೊಸ್ತಿಲ ಹೊರಗೆ ಇಡೋರು."

"ಯಾರನ್ನಾದರೂ ನೀರಿನಿಂದ ಎತ್ತಿದ್ದು ಹೇಳಿದ್ದರಾ?"

"ಇಲ್ಲಲ್ರೀ" ಎಂದಳು. ಹಾಗಾದರೆ ಎಂಟು ವರ್ಷ ನಾನು ಸಾಕಿದ ಸಿಟ್ಟು ನನ್ನ ಕಲ್ಪನೆಗೆ ಹುಟ್ಟಿದ್ದೇ? ಅಣ್ಣನಿಗೆ ನಾನೇ ಅನ್ಯಾಯ ಮಾಡುತ್ತಿದ್ದೇನೆಯೇ?

ಸೊಸೆ ಮೊರವನ್ನು ಕೆಳಗಿಟ್ಟಳು. "ಒಂದು ಜಗಳ ಮಾತ್ರ ನೆನಪೈತೆ. ಕೈತುಂಬ ಹಸಿರು ಬಳೆ ಹಾಕ್ಕಂಡು ಹೋದೋರು, ಬಲಗೈಗೆ ಎರಡೇ ಎರಡು ಕೆಂಪು ಬಳೆ ಹಾಕ್ಕಂಡು ಬಂದ್ರು. ನಾನಿನ್ನೂ ಗಟ್ಟಿ ಇದೀನಿ, ಬಳೆ ಯಾಕ ಒಡಕಂಡು ಬಂದಿ ಅಂತ ಮಾವ ಮೂರು ದಿನ ಮಾತೇ ಆಡ್ಲಿಲ್ಲ. ಏಣಿಗೆ ತಾಗಿ ಒಡೆದ್ವು, ಅಂತಿದ್ರು ಅತ್ತಿ. ದೋಣಿಯಾಗಿದ್ದ ಯಾರೋ ತಾಯಿ ತಮ್ಮ ಕೈಯಾಗಿನವು ತೆಗೆದು ಹಾಕಿದ್ರಂತೆ, ಮುತ್ತೈದೆ ಬೋಳು ಕೈಯಾಗೆ ಇರಬಾರ್ದು ಅಂತ."

ಒಳಗೆ ಹೋಗಿ ದೇವರ ಗೂಡಿನಿಂದ ಉಳಿದಿದ್ದ ಒಂದು ಬಳೆ ತಂದು ತೋರಿಸಿದಳು. ಕೆಂಪು ಗಾಜಿನ ಮೇಲೆ ಬಂಗಾರದ ಚುಕ್ಕಿ. ಪ್ರವಾಸಕ್ಕೆಂದೇ ಅಮ್ಮ ಕೊಂಡ ಬಳೆಗಳು ಅವು. ಸಮುದ್ರ ನೋಡೋಕೆ ಹೊಸ ಬಳೆ ಬೇಕಾ ಎಂದು ನಾನೇ ಅಂಗಡಿಯಲ್ಲಿ ಅಮ್ಮನನ್ನು ಛೇಡಿಸಿದ್ದೆ. ಎರಡು ಕಡಿಮೆಯಾದದ್ದನ್ನು ಕೇಳಿದಾಗ ದೋಣಿಯಲ್ಲಿ ಒಡೆದವು ಎಂದಿದ್ದಳು ಅಮ್ಮ.

ಈ ಬರಹ ಅಚ್ಚಾದ ಮೇಲೆ ದೊಡ್ಡಮ್ಮನ ಶೋಕೇಸಿನಲ್ಲಿ ಆ ಫಲಕದ ಪಕ್ಕವೇ ನಿಲ್ಲಿಸಿ ಬರುತ್ತೇನೆ. ಈ ಸಲ ಹಗಲಿನಲ್ಲೇ, ಎಲ್ಲರೆದುರು. ಅಣ್ಣ ಓದಲಿ. ಆದರೆ ಹರಿಹರದಿಂದ ಮರಳುವ ಬಸ್ಸಿನಲ್ಲಿ ನನಗೆ ದೊಡ್ಡಮ್ಮನ ಮೇಲೆ ಮೊದಲಿನ ಸಿಟ್ಟು ಉಳಿದಿರಲಿಲ್ಲ. ಅವರು ಚೀಲದಲ್ಲಿ ಮುಖವಿಟ್ಟುಕೊಂಡಿದ್ದರು, ನಿಜಕ್ಕೂ ನೋಡಿರಲಿಕ್ಕಿಲ್ಲ. ನೋಡಿದ್ದವರು ನನಗೆ ಇನ್ನೂ ಹತ್ತಿರದವರು. ರೊಟ್ಟಿ ಅಕ್ಕನಿಗೆ ಒಂದು ಮಾತು ಹೇಳಲು ಇನ್ನು ದಾರಿಯಿಲ್ಲ. ಅವಳು ಅಂದು ಬಗ್ಗಿ ಇನ್ನೊಂದು ಹಾಕಲೇ ಎಂದು ಕೇಳಿದಾಗ ಹಾಕು ಎಂದಿದ್ದರೂ ಸಾಕಿತ್ತೇನೋ...

ಅಂದು ಸಂಜೆ ಅಮ್ಮ ಪಡಸಾಲೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನಾನು ಚಪ್ಪಲಿಯನ್ನೂ ಬಿಡದೆ ಕೇಳಿದೆ. ಅವಳು ಎಲೆ ಮುಗಿದ ಮೇಲೂ ಬರೀ ಕಡ್ಡಿಗಳನ್ನು ಒಂದೊಂದಾಗಿ ಮುರಿಯುತ್ತ ಕೂತಳು. ಕೇಳಿ ಇಪ್ಪತ್ತು ದಿನವಾಯಿತು. ಊಟಕ್ಕೆ ಕರೆಯುತ್ತಾಳೆ, ಹಲ್ಲುನೋವು ಹೇಗಿದೆ ಎನ್ನುತ್ತಾಳೆ, ಆ ಮಾತಿಗೆ ಮಾತ್ರ ಬರುವುದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಮ್ಮಾ, ರೊಟ್ಟಿ ಅಕ್ಕನ ಕೈಗೆ ಬಳೆ ಹಾಕಿದವಳು ನೀನು, ಅವಳ ಹೆಸರು ಯಾಕೆ ಹೇಳಲಿಲ್ಲ?"