ಅತ್ತೆಯ ಮುಖವೂ ನನ್ನ ಸಂಖ್ಯಾಶಾಸ್ತ್ರವೂ

ಹೊರಡುವಾಗ ಯಾರಾದರೂ ಸೀನಿದರೆ ಮರಳಿ ಕೂತು, ಒಂದು ಗುಟುಕು ನೀರು ಕುಡಿದು, ಸೀನಿದವರನ್ನು ಮನಸ್ಸಿನಲ್ಲೇ ಶಪಿಸಿ ಮತ್ತೆ ಹೊರಡುವ ಸಜ್ಜನರು ಆಗಿನ ಜಯನಗರದಲ್ಲಿ ಬೇಕಾದಷ್ಟಿದ್ದರು. ಬಡಾವಣೆ ಹೊಸದಾದರೂ ಭಯಗಳನ್ನೆಲ್ಲ ನಾವು ಹಳೆಯ ಮನೆಗಳಿಂದ ಜೋಪಾನವಾಗಿ ಸಾಗಿಸಿಕೊಂಡು ಬಂದಿದ್ದೆವು. ನಾನು ಮಾತ್ರ ಇದಕ್ಕೆಲ್ಲ ಅತೀತನೆಂದು ಬೀಗುತ್ತಿದ್ದೆ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವನಿಗೆ ಅಷ್ಟಾದರೂ ಜಂಬ ಬೇಡವೇ, ನೀವೇ ಹೇಳಿ.

ನಮ್ಮೊಡನಿದ್ದ ಸೋದರತ್ತೆ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ವಿಧವೆ ಎದುರಾದರೆ ಹೊರಟವನ ಕೆಲಸ ಕೆಡುತ್ತದೆಂದು, ನಾನು ಕಾಲೇಜಿಗೆ ಹೋಗುವ ತನಕ ಅವರು ಅಡುಗೆಮನೆಯ ಬಾಗಿಲ ಹಿಂದಿರಬೇಕೆಂಬುದು ನನ್ನ ತಾಯಿಯ ಕಟ್ಟಪ್ಪಣೆ. ಪಕ್ಕದ ಸಾರಕ್ಕಿ ಹಳ್ಳಿಯಿಂದ ಸೊಪ್ಪಿನವಳು ಬರುತ್ತಿದ್ದುದೂ ಅದೇ ಹೊತ್ತಿಗೆ. ಗೇಟಿನ ಬಳಿ ನಿಂತು ತಾವೇ ಸೊಪ್ಪು ಆರಿಸಬೇಕೆಂಬ ಆಸೆಯೊಂದನ್ನು ಬಿಟ್ಟರೆ ಅತ್ತೆ ನಮ್ಮಿಂದ ಬೇರೇನನ್ನೂ ಕೇಳಿದವರಲ್ಲ.

ಇದನ್ನು ಶಾಸ್ತ್ರೀಯವಾಗಿ ಬಗೆಹರಿಸಲು ಹೊರಟೆ. ಅತ್ತೆಯ ಮುಖಕ್ಕೂ ನನ್ನ ದಿನಕ್ಕೂ ಸಂಬಂಧವಿಲ್ಲವೆಂದು ಮೊದಲು ಇಟ್ಟುಕೊಳ್ಳುವುದು. ಅವರು ಎದುರಾದ ದಿನಗಳಲ್ಲಿ ಕೆಡುಕು ಹೆಚ್ಚಾದರೆ, ಆ ಹೆಚ್ಚಳ ಬರಿಯ ಆಕಸ್ಮಿಕದಿಂದಲೂ ಬರಬಹುದಾದಷ್ಟೇ, ಇಲ್ಲ ಆಕಸ್ಮಿಕವೆಂದು ತಳ್ಳಿಹಾಕಲಾಗದಷ್ಟು ದೊಡ್ಡದೇ ಎಂದು ತೂಗುವುದು. ಪಕ್ಷಪಾತ ನುಸುಳದಿರಲೆಂದು ಪ್ರತಿ ಬೆಳಿಗ್ಗೆ ನಾಣ್ಯ ಚಿಮ್ಮುತ್ತಿದ್ದೆ. ಸಿಂಹ ಬಿದ್ದರೆ ಅತ್ತೆ ಎದುರಿಗೆ ಬರಬೇಕು, ಇಲ್ಲವಾದರೆ ಬಾಗಿಲ ಹಿಂದೆ. ಬಸ್ಸು ತಪ್ಪಿದ್ದು, ಪ್ರಿನ್ಸಿಪಾಲರು ಗದರಿದ್ದು ಎಲ್ಲ ಕೆಡುಕಿನ ಖಾತೆಗೆ. ತಾಯಿ ಗೊಣಗಿದರೂ ಮಗನ ವಿದ್ಯೆಗೆ ಹೆದರಿ ಸುಮ್ಮನಾದರು. ನಾಣ್ಯ ಹೇಗೆ ಬಿತ್ತೋ ಎಂದು ಆ ಹಿರಿಯ ಜೀವ ಕತ್ತು ಚಾಚಿ ಕಾಯುತ್ತಿದ್ದುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕೆಲವು ತಿಂಗಳ ಮೇಲೆ ಲೆಕ್ಕ ಹಾಕಿದೆ. ಎದುರಾದ ದಿನಗಳಲ್ಲಿ ಕೆಡುಕು ತುಸು ಹೆಚ್ಚೇ ಇತ್ತು, ಆದರೆ ಆಕಸ್ಮಿಕದ ಮಿತಿಯೊಳಗೆ.

"ಅತ್ತೆ, ನಿಮ್ಮಿಂದ ಏನೂ ತೊಂದ್ರೆ ಇಲ್ಲ ಅಂತ ಪ್ರೂವ್ ಆಯ್ತು!" ಎಂದು ಕೂಗಿದೆ. ದೋಷ ಸಿದ್ಧವಾಗದಿರುವುದು ಬೇರೆ, ದೋಷವಿಲ್ಲವೆಂದು ಸಿದ್ಧವಾಗುವುದು ಬೇರೆ. ತರಗತಿಯಲ್ಲಿ ಯಾರಾದರೂ ಹಾಗೆ ಬರೆದಿದ್ದರೆ ನಾನೇ ಸೊನ್ನೆ ಸುತ್ತುತ್ತಿದ್ದೆ. ಅತ್ತೆ ಹಿಡಿದದ್ದು ಆ ತಪ್ಪನ್ನಲ್ಲ.

"ಅಲ್ಲ ಕಣೋ, ಲೆಕ್ಕ ಆ ಕಡೆಗೆ ಬಂದಿದ್ರೆ ನನ್ನನ್ನ ಬಾಗಿಲ ಹಿಂದೇನೇ ಇಟ್ಬಿಡ್ತಿದ್ಯಾ?"

ನಾನು ಲೆಕ್ಕದ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ.

ಮರುದಿನ ಅತ್ತೆ ನಾಣ್ಯಕ್ಕೆ ಕಾಯದೆ ಗೇಟಿಗೆ ಹೋಗಿ ಸೊಪ್ಪಿನವಳೊಡನೆ ಚೌಕಾಸಿಗೆ ನಿಂತಿದ್ದರು. ಅಂದು ನನಗೆ ಬಡ್ತಿಯ ಸಂದರ್ಶನ. ಚಪ್ಪಲಿ ಮೆಟ್ಟಿ ಹೊರಟವನು, ಅವರು ತಿರುಗಿ ನೋಡುತ್ತಲೇ, ಹೊಸ್ತಿಲಲ್ಲಿ ನಿಂತುಬಿಟ್ಟೆ. ನಿಲ್ಲಬೇಕೆಂದುಕೊಂಡಿರಲಿಲ್ಲ, ಕಾಲು ತಾನಾಗಿ ನಿಂತಿತು. ಅತ್ತೆ ನನ್ನ ಕಾಲನ್ನು ನೋಡಿದರು, ಆಮೇಲೆ ಮುಖವನ್ನು. ಆರಿಸಿದ್ದ ಕಟ್ಟನ್ನು ಬುಟ್ಟಿಗೆ ಮರಳಿ ಹಾಕಿ, "ಹೋಗ್ಬಾಪ್ಪ, ಒಳ್ಳೇದಾಗ್ಲಿ" ಎಂದು ಬೇಲಿಯ ಮರೆಗೆ ಸರಿದರು.