ಎರಡು ಬೆರಳು ತಗ್ಗಿನ ಕಾರು

ನನ್ನ ಮಗಳ ಮದುವೆಯ ಆಲ್ಬಮಿನ ಮೊದಲ ಪುಟದಲ್ಲಿ ನಾನಿಲ್ಲ. ಗಂಡಿನ ಕಡೆಯ ದಿಬ್ಬಣ ಸಭಾಭವನದ ಬಾಗಿಲಿಗೆ ಬಂದು ನಿಂತ ಫೋಟೊ ಅದು. ಎದುರುಗೊಳ್ಳಬೇಕಾದವನು ಹೆಣ್ಣಿನ ತಂದೆ. ಆದರೆ ಫೋಟೊದಲ್ಲಿ ಪನ್ನೀರು ಚಿಮುಕಿಸುತ್ತ ಹಲ್ಲು ಬಿಟ್ಟು ನಿಂತವನು ನನ್ನ ಹೆಂಡತಿಯ ಅಣ್ಣ. ಆ ಹೊತ್ತಿಗೆ ನಾನು ಸಭಾಭವನದ ಹಿಂದೆ, ಅಡುಗೆಯವರ ಟೆಂಪೊದ ಪಕ್ಕದಲ್ಲಿ, ಅವನ ಕಾರನ್ನು ರಿವರ್ಸ್ ಹಾಕುತ್ತಿದ್ದೆ.

ನಡೆದದ್ದು ಇಷ್ಟು. ದಿಬ್ಬಣದ ಬಸ್ಸು ಅಂಬಲಪಾಡಿ ದಾಟಿತು ಎಂದು ಫೋನು ಬಂದಿತ್ತು. ನಾನು ಶಾಲು ಸರಿಮಾಡಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದೆ. ಭಾವನ ಕಾರು ದಾರಿಗೆ ಅಡ್ಡ ಇತ್ತು. ಅವನು ಕೆಳಗಿನಿಂದಲೇ, "ಡ್ರೈವರ್, ಇದನ್ನೊಮ್ಮೆ ಹಿಂದೆ ಹಾಕು ಮಾರಾಯ" ಎಂದು ಕೀ ಎಸೆದ. ಎಸೆದದ್ದು ಹೋಗಲಿ, ನನ್ನ ಕೈ ಅದನ್ನು ಹಿಡಿಯಿತಲ್ಲ, ಅದು ಇಂದಿಗೂ ಉರಿಯುತ್ತದೆ. ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿ ಪರರ ಕಾರು ಓಡಿಸಿದ ಕೈ. ಎಸೆದ ಕೀ ಹಿಡಿಯುವುದು ಅದಕ್ಕೆ ಯೋಚನೆಯಿಲ್ಲದೆ ಬರುತ್ತದೆ. ನಾನು ಬೆವರು ಒರೆಸಿಕೊಂಡು ಬರುವಷ್ಟರಲ್ಲಿ ಆರತಿ ಮುಗಿದಿತ್ತು. ಗಂಡಿನ ಕಡೆಯ ಹಿರಿಯರೊಬ್ಬರು, ನನ್ನನ್ನು ಅದುವರೆಗೆ ಕಾಣದವರು, "ಇವರು ನಿಮ್ಮ ಡ್ರೈವರಾ?" ಎಂದು ಭಾವನನ್ನು ಕೇಳಿದರು. ಅವನು ನಕ್ಕ. ಅಲ್ಲ ಎಂದು ಹೇಳಲಿಲ್ಲ.

ಹೊರಗಿನವರಿಗೆ ಇದು ಸಣ್ಣ ವಿಷಯ ಎನಿಸಬಹುದು. ನಮ್ಮ ಪದ್ಧತಿಯಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ನನ್ನ ಹೆಂಡತಿಯ ಕುಟುಂಬದ ಮನೆ ಕಾರ್ಕಳದ ಹತ್ತಿರ ಉಂಟು. ಅಲ್ಲಿ ವರ್ಷಕ್ಕೊಮ್ಮೆ ದೈವಗಳಿಗೆ ತಂಬಿಲ ಸೇವೆ ಆಗುವಾಗ ಕುಟುಂಬದವರು ಒಳಗೆ ಚಾವಡಿಯಲ್ಲಿ ಕೂರುತ್ತಾರೆ, ಮದುವೆಯಾಗಿ ಬಂದ ನಾವು ಗಂಡಂದಿರು ಹೊರಗೆ ಜಗಲಿಯಲ್ಲಿ. ಅದರಲ್ಲಿ ಅವಮಾನವೇನಿಲ್ಲ, ಹಿಂದಿನಿಂದ ಬಂದದ್ದು. ಆದರೆ ಜಗಲಿಯಲ್ಲಿ ಕೂತವನ ತೂಕವನ್ನು ಎಲ್ಲರೂ ಅಳೆಯುವುದು ಹೆಂಡತಿಯ ಅಣ್ಣ ಅವನನ್ನು ಏನೆಂದು ಕರೆಯುತ್ತಾನೆ ಎಂಬುದರಿಂದ. ಜಗಲಿಯ ಗಂಡಂದಿರಲ್ಲಿ ಬ್ಯಾಂಕಿನಲ್ಲಿರುವವನು ಅವನಿಗೆ ಭಾವ, ಮೀನಿನ ಬೋಟು ಇರುವವನೂ ಭಾವ. ನಾನೊಬ್ಬ ಮಾತ್ರ ಮದುವೆಯಾದಂದಿನಿಂದ ಡ್ರೈವರ್.

ಜಗಲಿಯಲ್ಲಿ ಕೂರಲಿಕ್ಕೂ ನನಗೆ ಪುರುಸೊತ್ತಿಲ್ಲ. ಆ ಮನೆಯ ಗೇಟಿನಲ್ಲಿ ಹಳೆಯ ಮುರಕಲ್ಲಿನ ಮೆಟ್ಟಿಲೊಂದು ಉಂಟು. ಮೇಲೆ ಸಿಮೆಂಟು ಬಳಿದಿದ್ದಾರೆ, ದಾಟಿದ ಕೂಡಲೇ ಅಂಗಳಕ್ಕೆ ಇಳಿಜಾರು. ನೇರ ಬಂದರೆ ಯಾವ ಕಾರಿನ ಹೊಟ್ಟೆಯಾದರೂ ತಾಗುತ್ತದೆ. ಎಡಗಡೆಯ ಚಕ್ರ ಮೊದಲು ಹತ್ತಿಸಿ ಓರೆಯಾಗಿ ತರಬೇಕು. ಅದು ಗೊತ್ತಿದ್ದವನು ನಾನೊಬ್ಬನೇ. ಹಾಗಾಗಿ ಊರಿನಲ್ಲಿದ್ದ ವರ್ಷಗಳಲ್ಲೆಲ್ಲ ಆ ಕುಟುಂಬದ ಕಾರುಗಳನ್ನು ಒಳಗೆ ತಂದು, ಬೇಗ ಹೊರಡುವವರದ್ದನ್ನು ಗೇಟಿನ ಹತ್ತಿರ, ಊಟ ಮುಗಿಸಿ ಮಲಗುವವರದ್ದನ್ನು ಬಾವಿಯ ಹತ್ತಿರ ನಿಲ್ಲಿಸುವುದು ನನ್ನ ಕೆಲಸ. ದೈವದ ಪ್ರಸಾದ ನನಗೆ ಸಿಗುತ್ತಿದ್ದದ್ದು ಸ್ಟಿಯರಿಂಗ್ ಹಿಂದೆ.

ಮದುವೆಯ ಮಾತನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಹೆಂಡತಿ ಎಷ್ಟೋ ಸಲ ಹೇಳಿದಳು. ಹಾಕಿಕೊಂಡೆ. ಆದರೆ ಅದು ಜೀರ್ಣವಾಗಲಿಲ್ಲ. ಕಾಪುವಿನ ನಮ್ಮ ಮನೆಯಲ್ಲಿ ಆಲ್ಬಮ್ಮನ್ನು ಟೀವಿಯ ಕೆಳಗೇ ಇಟ್ಟುಕೊಂಡೆ, ಮರೆತುಹೋಗಬಾರದು ಎಂದು.

ಎರಡು ವರ್ಷದ ನಂತರ ಅವನೇ ಫೋನು ಮಾಡಿದ. ಬನ್ನಂಜೆಯಲ್ಲಿ ಅವನದ್ದು ಟೈಲ್ಸಿನ ಅಂಗಡಿ, ಮನೆ ಮಣಿಪಾಲದಲ್ಲಿ. "ಡ್ರೈವರ್, ಎಲೆಕ್ಟ್ರಿಕ್ ಕಾರು ತೆಗೆಯುವ ಅಂತ ಉಂಟು. ಒಂದೇ ಕಾರಿನಲ್ಲಿ ಎರಡು ನಮೂನೆ ಅಂತೆ, ಸ್ಟ್ಯಾಂಡರ್ಡ್ ಒಂದು, ಪರ್ಫಾರ್ಮೆನ್ಸ್ ಒಂದು. ನೀನು ಅಲ್ಲಿ ಓಡಿಸಿದ್ದೀಯಲ್ಲ. ಬಂದು ನೋಡಿ ಹೇಳು." ಗಲ್ಫಿನ ಕೊನೆಯ ಮೂರು ವರ್ಷ ನಾನು ಅಂಥ ಎರಡೂ ನಮೂನೆಯನ್ನು ಓಡಿಸಿದ್ದೆ. ಹೋಗದೆಯೇ ಉತ್ತರ ಗೊತ್ತಿತ್ತು. ಆದರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ಮೊದಲು ಸ್ಟ್ಯಾಂಡರ್ಡ್ ತೆಗೆದುಕೊಂಡು ಕಡಿಯಾಳಿಯ ಶೋರೂಮಿನಿಂದ ಇಂದ್ರಾಳಿ ದಾಟಿ ಮಣಿಪಾಲ ಹತ್ತಿದೆವು. ಹಿಂದಿನ ಸೀಟಿನಲ್ಲಿ ನನ್ನ ಅತ್ತೆ, ಅಂದರೆ ಭಾವನ ತಾಯಿ. ಎಂಬತ್ತು ದಾಟಿದ ಜೀವ, ಸೊಂಟ ನೋವು, ಮಗನ ಜೊತೆಗೇ ಇರುವವರು. ಅವರು ಸಲೀಸಾಗಿ ಹತ್ತಿ ಕೂತರು. ರಸ್ತೆಯ ಹಂಪಿನಲ್ಲಿ ಕಾರು ದೋಣಿ ತೇಲಿದ ಹಾಗೆ ತೇಲಿತು. ಒಂದು ಚಾರ್ಜಿಗೆ ಹೆಚ್ಚು ದೂರ ಹೋಗುವುದೂ ಇದೇ. ನಮ್ಮ ರಸ್ತೆಗೆ, ಆ ಮನೆಗೆ, ಆ ಹೆಂಗಸಿಗೆ ಹೇಳಿ ಮಾಡಿಸಿದ ಕಾರು. ಇದನ್ನು ಹೇಳಲು ಎರಡು ನಿಮಿಷ ಸಾಕಿತ್ತು.

ಆಮೇಲೆ ಪರ್ಫಾರ್ಮೆನ್ಸ್. ಹಿಂದೆ ಒಂದು, ಮುಂದೆ ಒಂದು, ಎರಡು ಮೋಟಾರು. ದೊಡ್ಡ ಚಕ್ರ, ಅದರ ಮೇಲೆ ದೋಸೆಯಷ್ಟು ತೆಳ್ಳಗಿನ ಟಯರು. ಗಟ್ಟಿ ಸಸ್ಪೆನ್ಷನ್. ನಾನು ಬಗ್ಗಿ ಕೆಳಗೆ ಕೈ ಹಾಕಿ ನೋಡಿದೆ. ಸ್ಟ್ಯಾಂಡರ್ಡಿಗಿಂತ ಎರಡು ಬೆರಳು ತಗ್ಗು. ಆ ಎರಡು ಬೆರಳಿನಲ್ಲಿ ನನಗೆ ಕಾರ್ಕಳದ ಗೇಟಿನ ಕಲ್ಲು ಕಂಡಿತು. ನಿಜ ಹೇಳುತ್ತೇನೆ, ನನ್ನ ಬಾಯಲ್ಲಿ ನೀರೂರಿತು.

ಅತ್ತೆ ಈ ಸಲ ಬರಲಿಲ್ಲ. ಹತ್ತಲು ಒಮ್ಮೆ ನೋಡಿ, ಕುರ್ಚಿಯಲ್ಲೇ ಕೂರುತ್ತೇನೆ ಎಂದರು. ಮಣಿಪಾಲದ ಏರಿನಲ್ಲಿ ರಸ್ತೆ ಖಾಲಿ ಸಿಕ್ಕಿದ ಕಡೆ ನಾನು ಕಾಲು ಒತ್ತಿದೆ. ಭಾವನ ತಲೆ ಹಿಂದಕ್ಕೆ ಹೋಗಿ ಸೀಟಿಗೆ ಅಂಟಿತು. ಅರವತ್ತು ವರ್ಷದ ಗಂಡಸು, ತೊಟ್ಟಿಲು ತೂಗಿದ ಮಗುವಿನ ಹಾಗೆ ನಕ್ಕ. ಆ ನಗುವಿನ ಜಾಡು ಹಿಡಿದರೆ ಅವನು ಎಲ್ಲಿ ಬೀಳುತ್ತಾನೆ ಎಂದು ನನಗೆ ತಿಳಿಯಿತು.

ಶೋರೂಮಿಗೆ ಮರಳಿ ಇಳಿದ ಕೂಡಲೇ ಕೇಳಿದ, "ಎಂತ ಹೇಳ್ತಿ ಡ್ರೈವರ್?"

"ಸ್ಟ್ಯಾಂಡರ್ಡ್ ಅಂದರೆ ಎಲ್ಲರೂ ತೆಗೆಯುವಂಥದ್ದು ಭಾವ. ನಾಳೆ ನಿಮ್ಮ ಅಂಗಡಿಗೆ ಬರುವ ಮೇಸ್ತ್ರಿಯೂ ತೆಗೆಯುತ್ತಾನೆ. ನಿಮ್ಮ ಘನತೆಗೆ ಇದೇ ಸರಿ."

ಶೋರೂಮಿನ ಹೆಂಗಸು ನನ್ನ ಮುಖ ನೋಡಿದಳು. ಅತ್ತೆಯ ಸೊಂಟದ ವಿಷಯ ಅವಳಿಗೂ ಕಂಡಿತ್ತು ಎಂದು ಕಾಣುತ್ತದೆ. ಅವಳು ಬಾಯಿ ತೆರೆಯುವ ಮೊದಲೇ ಭಾವ ಬಣ್ಣ ಆರಿಸುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಯಾವ ಯಜಮಾನನಿಗೂ ನಾನು ವಾಹನದ ವಿಷಯದಲ್ಲಿ ಸುಳ್ಳು ಹೇಳಿದವನಲ್ಲ. ಅಂದು ಹೇಳಿದೆ, ಹೇಳಿ ಕಾಪುವಿಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ.

ಹೆಂಡತಿ ವಿಷಯ ಕೇಳಿ ಸೌಟು ಕೆಳಗಿಟ್ಟಳು. "ಅಮ್ಮ ಅದರಲ್ಲಿ ಹೇಗೆ ಕೂರುವುದು?" ಎಂದಳು. ಅವಳು ಟೀವಿಯ ಕೆಳಗಿನಿಂದ ಆಲ್ಬಮ್ ತೆಗೆದು ಕಪಾಟಿನೊಳಗೆ ಇಟ್ಟಳು. ಮರುದಿನ ನಾನು ಅದನ್ನು ಪುನಃ ಹೊರಗೆ ತಂದೆ.

ತಂಬಿಲದ ದಿನ ನಾವು ಬೇಗನೇ ಕಾರ್ಕಳ ತಲುಪಿದೆವು. ಹಿಂದಿನ ರಾತ್ರಿಯ ಮಳೆಗೆ ಗೇಟಿನ ಹೊರಗೆ ಕೆಸರು. ಹತ್ತು ಗಂಟೆಗೆ ಹೊಸ ಕಾರು ಸದ್ದಿಲ್ಲದೆ ಬಂದು ಗೇಟಿನೆದುರು ನಿಂತಿತು. ಚಾವಡಿಯಲ್ಲಿದ್ದವರು, ಜಗಲಿಯಲ್ಲಿದ್ದವರು ಎಲ್ಲ ಎದ್ದು ಬಂದರು. ಭಾವ ಇಳಿದು ಕಪ್ಪು ಕನ್ನಡಕ ತೆಗೆದ. "ಡ್ರೈವರ್!" ಎಂದು ಕೂಗಿ ಕೀ ಎಸೆದ.

ನಾನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ. ಆ ಕೈಗಳನ್ನು ಹಾಗೆ ಹಿಡಿದಿಡಲು ಎಷ್ಟು ಬಲ ಬೇಕಾಯಿತು ಎಂದು ನನಗೇ ಗೊತ್ತು. ಕೀ ನನ್ನ ಎದೆಗೆ ತಾಗಿ ಕೆಸರಿಗೆ ಬಿತ್ತು.

"ಹೊಸ ಕಾರು ಭಾವ. ಮೊದಲ ಸಲ ದೈವದ ಅಂಗಳಕ್ಕೆ ಬರುವುದು. ಯಜಮಾನನೇ ತರಬೇಕಲ್ವಾ?" ಎಂದೆ, ಮಾತಿಗೆ ಬೆಲ್ಲ ಹಚ್ಚಿ.

ಚಾವಡಿಯ ಹಿರಿಯರು ಹೌದು ಹೌದು ಎಂದರು. ಭಾವ ಕೀ ಹೆಕ್ಕಿ, ಒರೆಸಿ, ಕಾರು ಹತ್ತಿದ. ನೇರ ಬಂದ. ನೇರವೇ ಬರುತ್ತಾನೆ ಎಂದು ನನಗೆ ಗೊತ್ತಿತ್ತು. ಮುಂದಿನ ಚಕ್ರ ಕಲ್ಲು ದಾಟಿತು, ಆಮೇಲೆ ಕರ್ರ್ ಎಂದು ಒಂದು ಸದ್ದು. ಮೋಟಾರಿಗೆ ಸದ್ದಿಲ್ಲದ ಕಾರಾದ್ದರಿಂದ ಆ ಸದ್ದು ಇನ್ನೂ ದೊಡ್ಡದಾಗಿ ಕೇಳಿಸಿತು. ಕಾರು ಹೊಟ್ಟೆಯ ಮೇಲೆ ಕೂತುಬಿಟ್ಟಿತು, ಅತ್ತೆ ಒಳಗೇ. ಹಲಗೆ ತಂದರು, ಎಂಟು ಹತ್ತು ಜನ ಕೈ ಹಾಕಿ ಎತ್ತಿ ಅಂಗಳಕ್ಕೆ ದೂಡಿದರು. ಬ್ಯಾಂಕಿನವನ ಬಿಳಿ ಪಂಚೆ ಕೆಸರಾಯಿತು. ನಾನು ಜಗಲಿಯಲ್ಲಿ ಕೂತು ನೋಡಿದೆ. ಆ ಜಗಲಿಯಲ್ಲಿ ನಾನು ಅಷ್ಟು ಹೊತ್ತು ಕೂತದ್ದು ಅದೇ ಮೊದಲು.

ಅವನು ಈಗ ನನ್ನ ಮೇಲೆ ಹಾರುತ್ತಾನೆ ಎಂದು ಕಾದೆ. ಇಂಥ ಕಾರು ಹೇಳಿದ್ದು ನೀನೇ ಎಂದು ಅವನು ಬೈಯಬೇಕು, ಆಗ ನಾನು ಎಲ್ಲರೆದುರು ಮದುವೆಯ ದಿನದ ಲೆಕ್ಕ ಬಿಚ್ಚಬೇಕು. ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ.

ಮೀನಿನ ಬೋಟಿನವನು ಬಗ್ಗಿ ನೋಡಿ, "ಈ ಕಾರು ನಮ್ಮ ಊರಿಗೆ ಆಗುವುದಿಲ್ಲ. ಯಾರು ಹೇಳಿದ್ದು ನಿಮಗೆ?" ಎಂದ.

ಭಾವನ ಮುಖ ಕೆಂಪಾಯಿತು. "ಕಾರಿಗೆ ಎಂತದೂ ಆಗಲಿಲ್ಲ. ಗೇಟಿನ ಕಲ್ಲೇ ಸರಿ ಇಲ್ಲ, ನಾಳೆಯೇ ಒಡೆಸುತ್ತೇನೆ" ಎಂದ. ಆಮೇಲೆ ಜಗಲಿಯ ಕಡೆ ಕೈ ತೋರಿಸಿದ. "ಇದು ನಮ್ಮ ಭಾವ ನೋಡಿ ತೆಗೆಸಿದ ಕಾರು. ವಾಹನದ ವಿಷಯದಲ್ಲಿ ಭಾವನ ಮಾತಿಗೆ ಎದುರಿಲ್ಲ."

ಚಾವಡಿಯವರು ನನ್ನನ್ನು ತಿರುಗಿ ನೋಡಿದರು. ಮದುವೆಯಾಗಿ ಇಪ್ಪತ್ತೇಳು ವರ್ಷ ಕಾದ ಭಾವ ಎಂಬ ಮಾತು ನನ್ನ ಸುಳ್ಳಿನ ಮೇಲೆ ಬಂದು ಕೂತಿತು. ಅವನು ತನ್ನ ಮರ್ಯಾದೆ ಉಳಿಸಿಕೊಳ್ಳಲು ಹಾಗೆಂದನೋ, ನಿಜವಾಗಿ ನಂಬಿದ್ದನೋ, ಈಗಲೂ ನನಗೆ ಗೊತ್ತಿಲ್ಲ. ನನಗೆ ಸಿಟ್ಟು ಬಂತು. ಬಾಯಿಪಾಠ ಮಾಡಿದ್ದರಲ್ಲಿ ಒಂದು ಮಾತೂ ಉಪಯೋಗಕ್ಕೆ ಬರಲಿಲ್ಲ. ಅವನನ್ನು ಕ್ಷಮಿಸಿದೆ ಎಂದು ಯಾರೂ ತಿಳಿಯಬೇಡಿ. ಆಲ್ಬಮಿನ ಮೊದಲ ಪುಟ ಹಾಗೆಯೇ ಉಂಟು.

ಊಟವಾದ ಮೇಲೆ ಅವನು ಹತ್ತಿರ ಬಂದು ಕೀಯನ್ನು ಕೈಯಲ್ಲಿಟ್ಟ. ಎಸೆಯಲಿಲ್ಲ. "ಭಾವ, ಹೊರಗೆ ನೀವೇ ತೆಗೆಯಬೇಕು. ನನ್ನಿಂದಾಗುವುದಿಲ್ಲ" ಎಂದ. ಕೂತೆ. ಎಡಗಡೆಯ ಚಕ್ರ ಮೊದಲು ಕೊಟ್ಟು, ಓರೆಯಾಗಿ, ಬೆರಳಿನ ಸಂದು ಉಳಿಸಿ ದಾಟಿಸಿದೆ. ಒಂದು ಗೀರೂ ಬೀಳಲಿಲ್ಲ. ಭಾವ ಪಕ್ಕದ ಸೀಟಿಗೆ ಬಂದು ಕೂತು, ಪರ್ಕಳದವರೆಗೆ ನೀವೇ ಬಿಡಿ ಎಂದ. ತಂಬಿಲಕ್ಕೆ ಬಂದಿದ್ದ ಮಗಳು ನಮ್ಮ ಹಳೆಯ ಕಾರು ಓಡಿಸಿದಳು, ಹೆಂಡತಿ ಅದರಲ್ಲಿ ಹಿಂದೆ ಬಂದಳು.

ಹಿರಿಯಡಕ ದಾಟುವಾಗ ಒಂದು ಹೊಂಡ. ಎಷ್ಟು ನಿಧಾನ ಮಾಡಿದರೂ ಗಟ್ಟಿ ಕಾರು ದಡಕ್ಕೆಂದಿತು. ಹಿಂದಿನಿಂದ ಅತ್ತೆ ಅಯ್ಯೋ ಎಂದರು. ಕನ್ನಡಿಯಲ್ಲಿ ನೋಡಿದೆ, ಎರಡು ಕೈಯಿಂದ ಸೊಂಟ ಹಿಡಿದುಕೊಂಡಿದ್ದರು. ಮಗಳ ಮದುವೆಯ ದಿನ ನಾನು ಉಂಡಿದ್ದೇನಾ ಎಂದು ಕೇಳಿದವರು ಅವರೊಬ್ಬರೇ.

"ಮಗಾ, ನೀನೇ ನೋಡಿ ತೆಗೆಸಿದ್ದಂತಲ್ಲ," ಎಂದರು. "ಇದಕ್ಕಿಂತ ಮೆತ್ತಗಿನದ್ದು ಇರಲಿಲ್ವಾ?"

"ಇತ್ತು ಅತ್ತೆ" ಎಂದೆ.

ಭಾವ ತಮಾಷೆ ಎಂದುಕೊಂಡು ಜೋರಾಗಿ ನಕ್ಕ.