ನೆರಳು ಬೀಳಬಾರದು

ನಮ್ಮ ಭಾವ ವಾಚ್ ರಿಪೇರಿಯವರು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬಸ್ ನಿಲ್ದಾಣದ ಎದುರಿಗಿರುವ ಅವರ ಅಂಗಡಿ ಎಷ್ಟು ಚಿಕ್ಕದೆಂದರೆ ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕು. ಕೂರುವವರು ಭಾವ, ನಿಲ್ಲುವವಳು ನನ್ನ ಅಕ್ಕ. ಬೆಲ್ಟು, ಸೆಲ್ಲು ಬದಲಿಸುವುದು ಅವಳು. ವಾಚಿನ ಹೊಟ್ಟೆ ಬಿಚ್ಚುವುದು ಭಾವ ಮಾತ್ರ.

ಈಚೆಗೆ ಆ ಕೆಲಸ ಕೈಕೊಡತೊಡಗಿತ್ತು. ಸಣ್ಣ ತಿರುಪು ಬಿದ್ದರೆ ಭಾವ ಮೇಜನ್ನು ಬೆರಳಿಂದ ಸವರಿ ಹುಡುಕುತ್ತಿದ್ದರು. ತಪ್ಪೆಲ್ಲ ಬಲ್ಬಿನದೆಂದು ಹೊಸ ಬಲ್ಬು ಹಾಕಿಸಿದರು. ಭಾವನ ಅಪ್ಪ ಹೀಗೇ ಹಠ ಹಿಡಿದು ಎರಡೂ ಕಣ್ಣು ಕಳೆದುಕೊಂಡಿದ್ದನ್ನು ಅಕ್ಕ ನೋಡಿದ್ದಳು. ಡಾಕ್ಟರ ಹತ್ತಿರ ಹೋಗೋಣವೆಂದು ಗೋಗರೆದಳು. ಭಾವ ಸೊಪ್ಪು ಹಾಕಲಿಲ್ಲ.

ಅವರಿಗೊಂದು ಹುಚ್ಚಿದೆ. ಚಳಿ ಇನ್ನೂ ಬಿಟ್ಟಿರುವುದಿಲ್ಲ, ಬಿಸಿಲು ಮಾತ್ರ ಚೆನ್ನಾಗಿರುತ್ತದೆ. ಅಂಥ ಮೊದಲ ರಜೆಯ ದಿನ ಹಳೆಯ ರೈಲು ಹಳಿಯ ಪಕ್ಕದ ದಾರಿಯಲ್ಲಿ ವರ್ಷದ ಮೊದಲ ಚಿಟ್ಟೆ ಹುಡುಕಲು ಹೊರಡುತ್ತಾರೆ. ಪ್ರತಿ ವರ್ಷ ಮೊದಲು ಕಾಣುವುದೂ ಅವರಿಗೇ. ಆ ಜಂಬವನ್ನು ನಾವು ತಿಂಗಳುಗಟ್ಟಲೆ ಕೇಳಬೇಕು. ಅವರದೊಂದು ನಿಯಮವೂ ಇದೆ. ಚಿಟ್ಟೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸಿಕೊಳ್ಳುತ್ತಿರುತ್ತದೆ, ನೆರಳು ಬಿದ್ದರೆ ಎದ್ದುಬಿಡುತ್ತದೆ. ಹಾಗಾಗಿ ಬಿಸಿಲಿಗೆ ಮುಖ ಕೊಟ್ಟೇ ನಡೆಯಬೇಕು. ತಪ್ಪಿದವರಿಗೆ ಬೈಗುಳ ಗ್ಯಾರಂಟಿ.

ಈ ಸಲ ಅಕ್ಕ ಪಂತ ಕಟ್ಟಿದಳು. "ಮೊದ್ಲು ನಂಗೆ ಕಂಡ್ರೆ ನೀವು ಡಾಕ್ಟ್ರ ಹತ್ರ ಬರ್ಬೇಕು."

"ನಿಂಗಾ? ಕಂಡ ಹಾಗೇ ಇದೆ!" ಎಂದು ನಕ್ಕು ಭಾವ ಒಪ್ಪಿಕೊಂಡರು. ಸಾಕ್ಷಿಗೆ ನಾನು.

ಹೊರಟ ದಿನ ಬೆರಳು ಸೆಟೆದುಕೊಳ್ಳುವಷ್ಟು ಚಳಿ. ಭಾವ ದಾರಿಯ ಎಂದಿನ ತುದಿ ಬಿಟ್ಟು ಆಚೆ ತುದಿಯಿಂದ ಹೊರಟರು.

"ಭಾವ, ಬಿಸಿಲು ಬೆನ್ನಿಗೆ ಬೀಳ್ತಿದೆಯಲ್ಲ?" ಎಂದೆ.

"ನಂಗೇ ಹೇಳಿಕೊಡ್ತೀಯೇನೋ?"

ಎದುರು ಬಿಸಿಲು ಅವರ ಕಣ್ಣಿಗೆ ಚುಚ್ಚುತ್ತದೆಂದು ಅಕ್ಕನಿಗೆ ಆಗಲೇ ತಿಳಿದಿತ್ತು.

ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಳು. ಗೋಡೌನಿನ ಗೋಡೆಯ ಬುಡದಲ್ಲಿ, ಒಣಗಿದ ಎಲೆಗಳ ನಡುವೆ, ಒಂದು ಕಂದು ಚಿಟ್ಟೆ ಕೂತಿತ್ತು. ನನಗೂ ಕಂಡಿತು. ಕೂಗಿದ್ದರೆ ಪಂತ ಅವಳದು. ಆದರೆ ಅವಳು ಕೂಗಲಿಲ್ಲ. ಗಂಡನನ್ನೇ ನೋಡುತ್ತ ನಿಂತಳು. ಭಾವನ ನೆರಳು ನೇರ ಚಿಟ್ಟೆಯ ಮೇಲೆ ಬಿತ್ತು. ಅದು ಎದ್ದು ಅವರ ಮೂಗಿನ ಮುಂದೆಯೇ ಹಾರಿಹೋಯಿತು. ಅವರು ರೆಪ್ಪೆ ಕೂಡ ಅಲ್ಲಾಡಿಸಲಿಲ್ಲ.

"ಅಗೋ! ನೋಡಿದ್ರಾ? ಈ ಸಲಾನೂ ನಾನೇ!" ಎಂದು ಬೇಲಿಯತ್ತ ಕೈ ತೋರಿಸಿದರು. ಅಲ್ಲಿ ಚಾಕೊಲೇಟಿನ ಕಾಗದವೊಂದು ಗಾಳಿಗೆ ಪಟಪಟ ಎನ್ನುತ್ತಿತ್ತು.

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅಕ್ಕನ ಮುಖ ನೋಡಿ ಸಂಕಟವಾಯಿತು.

"ರೀ, ಅದು ಕಾಗದ" ಎಂದಳು.

ಭಾವ ಏನೋ ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಹಾರಿಹೋದ ಚಿಟ್ಟೆ ಒಂದು ಸುತ್ತು ಹಾಕಿ ಬಂದು ಅವರ ಕಂದು ಸ್ವೆಟರಿನ ತೋಳಿನ ಮೇಲೆ ಕೂತಿತು. ಬಿಸಿಲಿಗೆ ಕಾದ ಉಣ್ಣೆ ಹಿತವಾಗಿತ್ತೋ ಏನೋ, ರೆಕ್ಕೆಯನ್ನು ಪೂರ್ತಿ ಬಿಚ್ಚಿತು.

"ಅಲ್ಲಾಡ್ಬೇಡಿ. ನಿಮ್ಮ ತೋಳ ಮೇಲೇ ಇದೆ." ಅಕ್ಕ ಪಿಸುಗುಟ್ಟಿದಳು.

ಭಾವ ಕತ್ತು ಬಗ್ಗಿಸಿ ತೋಳನ್ನು ನೋಡಿದರು. ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ, ನಾನೆಂದೂ ಅವರಿಂದ ಕೇಳಿರದ ಸಣ್ಣ ದನಿಯಲ್ಲಿ ಕೇಳಿದರು.

"ಯಾವ ಬಣ್ಣ?"

"ಕಂದು" ಎಂದಳು ಅಕ್ಕ. "ರೆಕ್ಕೆ ತುದೀಲಿ ನೀಲಿ ಚುಕ್ಕಿ."

ಅವರು ಉಸಿರು ಬಿಗಿಹಿಡಿದು, ನೆರಳು ಬೀಳದಂತೆ ತಲೆಯನ್ನು ಹಿಂದಕ್ಕೆ ಎಳೆದುಕೊಂಡು ನಿಂತರು. ಸ್ವಲ್ಪ ಹೊತ್ತಿಗೆ ಚಿಟ್ಟೆ ಎದ್ದು ಹಳಿ ದಾಟಿ ಹೋಯಿತು. ಭಾವನ ಕೈ ಮಾತ್ರ ಬಿಸಿಲಿನಲ್ಲಿ ಚಾಚಿದ ಹಾಗೆಯೇ ಇತ್ತು, ಒಂದಿಷ್ಟೂ ಅಲುಗದೆ. ಅಕ್ಕ ಹತ್ತಿರ ಹೋಗಿ ಮೆಲ್ಲಗೆ ಆ ಕೈ ಹಿಡಿದುಕೊಂಡಳು.

"ಹೋಯ್ತು ರೀ."

"ಸರಿ" ಎಂದರು ಭಾವ. "ಡಾಕ್ಟ್ರು ನಾಳೆ ಇರ್ತಾರಾ ಕೇಳು."